ಆಯೇರಿ ಮುಟ್ಟಿತು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರಿಗೆ ಆದದ್ದೇ ಸಾಕು. ಅಫಜಲಪುರದ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದರು. ನಾನು ಅದೇ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಹೋದ ತಿಂಗಳು ತೀರಿಕೊಂಡರು. ಸತ್ತವರನ್ನು ನೆನೆದರೆ ಕಣ್ಣು ತುಂಬಬೇಕು ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಯಾರ ಮೇಲೆ ಉರಿಯುತ್ತದೆ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಕುಳ್ಳಗಿನ ಮೈ, ಅದಕ್ಕೆ ಒಪ್ಪದ ದೊಡ್ಡ ದನಿ. ಸೀಟಿ ಕೊರಳಲ್ಲಿ ನೇತಾಡುತ್ತಿತ್ತೇ ಹೊರತು ಊದಿದ್ದನ್ನು ನಾನು ಕಂಡಿಲ್ಲ. ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು "ಹೋಗ್ಲಿ" ಅಂದರೆ ಡ್ರೈವರ್ ಗೇರು ಹಾಕುತ್ತಿದ್ದ. ಮಾತಾಡುವ ಮೊದಲು ಹೆಬ್ಬೆರಳಿನಿಂದ ಮೂಗಿನ ತುದಿ ಒರೆಸಿಕೊಳ್ಳುತ್ತಿದ್ದರು. ಒರೆಸಿಕೊಂಡರೆಂದರೆ ಯಾರಿಗೋ ಬೈಗುಳ ಬಂತೆಂದೇ ಲೆಕ್ಕ. ಊರು ಆಳಂದ ತಾಲೂಕಿನ ಮಟಕಿ. ಬೌದ್ಧ ಮನೆತನ, ತಂದೆ ಕಲ್ಲೊಡೆಯುವ ಕೂಲಿ ಮಾಡಿ ಇವರನ್ನು ಓದಿಸಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಬೇಕೆಂದೇ ಕ್ಲಾರ್ಕ ಸಾಹೇಬ್ರ ಎನ್ನುತ್ತಿದ್ದರು.

ಅವರ ಬಸ್ಸಿನಲ್ಲಿ ಒಂದು ಕಾನೂನು ಇತ್ತು. ಸರ್ಕಾರದ್ದಲ್ಲ, ಅವರದೇ. ಹುಣ್ಣಿಮೆಯ ದಿನ ಗಾಣಗಾಪುರದಿಂದ ವಾಪಸಾಗುವ ಜನ ಚೌಡಾಪುರದಲ್ಲಿ ರಸ್ತೆ ತುಂಬ ನಿಂತಿರುತ್ತಾರೆ. ಅಫಜಲಪುರದಿಂದ ಕಲಬುರಗಿಗೆ ಹೋಗುವ ಬಸ್ಸು ಅಲ್ಲಿ ನಿಂತಿತೆಂದರೆ ಇವರು ಒಳಗೆ ತಿರುಗಿ ನಿಂತು, "ಇಲ್ಲಿ ತನಕ ಕುಂತು ಬಂದೀರಿ, ಈಗ ಏಳ್ರಿ. ನಿಂತವರು ಕೂಡ್ಲಿ" ಅನ್ನುತ್ತಿದ್ದರು. ಮುದುಕರು, ಬಸುರಿಯರನ್ನು ಬಿಟ್ಟು ಗಟ್ಟಿಮುಟ್ಟಾದವರೆಲ್ಲ ಏಳಲೇಬೇಕು. ಒಮ್ಮೆ ನಾನೂ ಆ ಬಸ್ಸಿನಲ್ಲಿದ್ದೆ. ಚಿನ್ನದ ಉಂಗುರದ ಸಾಹುಕಾರನೊಬ್ಬ ಕದಲಲಿಲ್ಲ.

"ಟಿಕೀಟ ತಗೊಂಡೀನಿ. ನೀ ಹೇಳ್ದಿ ಅಂತ ನಾ ಏಳಬೇಕೇನಲೇ?"

ಮೂಗು ಒರೆಸಿಕೊಂಡರು. "ಟಿಕೀಟ ಊರಿಗಿ ತಗೊಂಡೀರಿ ಸಾಹುಕಾರ್ರ, ಸೀಟಿಗಲ್ಲ. ನಿಮ್ಮಂಗ ಅವ್ರಿಗೂ ಎರಡ ಕಾಲು ಅವ, ಅವೂ ನೋಯ್ತಾವ."

ಸಾಹುಕಾರ ಎದ್ದ. ಅವನ ಜಾಗದಲ್ಲಿ ಕುಳಿತ ಹೆಣ್ಣುಮಗಳು ಕಲಬುರಗಿ ಬರುವ ತನಕ ಹೆದರಿಕೊಂಡೇ ಕುಳಿತಿದ್ದಳು. ಅವನು ಡಿಪೋಕ್ಕೆ ದೂರು ಬರೆದ, ನಾನೇ ಅದನ್ನು ಕಡತದಲ್ಲಿ ಹಾಕಿದೆ. ಮ್ಯಾನೇಜರು ಓದಿ ನಕ್ಕು ಬಿಟ್ಟರು.

ಇನ್ನೊಂದು ಕಥೆಯನ್ನು ಹೇಳದಿದ್ದರೆ ಡಿಪೋದವರು ನನ್ನನ್ನು ಕ್ಷಮಿಸುವುದಿಲ್ಲ. ಅವರ ಅತ್ತೆಯ ಊರು ಜೇವರ್ಗಿ ಕಡೆಯ ಕೊಳಕೂರ. ಒಂದು ಹಬ್ಬಕ್ಕೆ ಆ ಮುದುಕಿ ಅಳಿಯನ ಮನೆಗೆಂದೇ ಹುಂಜವೊಂದನ್ನು ಕೈಚೀಲದಲ್ಲಿ ಮುಚ್ಚಿಟ್ಟುಕೊಂಡು ಅಳಿಯನ ಬಸ್ಸನ್ನೇ ಹತ್ತಿದ್ದಾಳೆ. ಹುಂಜ ನಡುದಾರಿಯಲ್ಲಿ ಕೂಗಿದೆ. ಇವರು ಹೋಗಿ, "ಅತ್ತಿ, ನಿಮಗ ಫುಲ್ಲು, ಇದಕ್ಕ ಹಾಫು" ಎಂದು ಎರಡು ಟಿಕೆಟ್ ಹರಿದು ಕೈಗೆ ಕೊಟ್ಟಿದ್ದಾರೆ. ಅತ್ತೆ ಹಬ್ಬದ ಊಟ ಬಡಿಸುವಾಗಲೂ ಮಾತಾಡಲಿಲ್ಲವಂತೆ. "ಹುಂಜ ತಿಂದವ್ರು ನೀವು, ಟಿಕೀಟಿನ ರೊಕ್ಕ ಕೊಟ್ಟವ್ರು ನಮ್ಮವ್ವ" ಎಂದು ಹೆಂಡತಿ ಸಾಯುವ ತನಕ ಹಂಗಿಸಿದರು.

ಇದನ್ನೆಲ್ಲ ನಗಿಸಲು ಹೇಳುತ್ತಿಲ್ಲ. ಕಂಡಕ್ಟರನ ಕೆಲಸವೆಂದರೆ ದಿನಾ ಬೆಳಗಾದರೆ ಅನುಮಾನದ ನಡುವೆ ನಿಲ್ಲುವುದು. ತನಿಖೆಯವರು ಯಾವ ಕ್ರಾಸಿನಲ್ಲಾದರೂ ಕೈ ಅಡ್ಡ ಹಾಕಿ ಹತ್ತಬಹುದು, ಚೀಲ ಸುರುವಬಹುದು, ಒಂದು ಟಿಕೆಟ್ ಕಡಿಮೆ ಬಿದ್ದರೆ ಕಳ್ಳನೆಂದು ಬರೆಯಬಹುದು. ಅದಕ್ಕೆ ಮೆಮೊ ಎನ್ನುತ್ತಾರೆ. ಮೆಮೊ ಇಲ್ಲದ ಕಂಡಕ್ಟರ್ ನಮ್ಮ ಡಿಪೋದಲ್ಲಿ ಇವರೊಬ್ಬರೇ. ನಿವೃತ್ತಿಯ ದಿನ ಹಾರ ಹಾಕಿ ಮೈಕು ಕೈಗೆ ಕೊಟ್ಟರೆ ಒಂದೇ ಮಾತಾಡಿ ಇಳಿದರು: "ಒಂದ ಮೆಮೊ ಇಲ್ದಂಗ ಹೊಂಟೀನ್ರಿ. ನನ್ನ ಬಗ್ಗಿ ಏನರ ಬರೀಬೇಕಂದ್ರ ಇಷ್ಟ ಬರಕೋರ್ರಿ." ಅವರು ಗಳಿಸಿದ ಆಸ್ತಿ ಅದೊಂದೇ. ಅದನ್ನೂ ಕಸಿದುಕೊಂಡರಲ್ಲ, ಅದೇ ನನ್ನ ಸಂಕಟ.

ಅವರನ್ನು ಇಂಟರ್ನೆಟ್ಟಿನ ಆ ತಾಣಕ್ಕೆ ಕರೆತಂದವನು ನಾನು. ಬ್ಲಾಕ್‌ಚೈನ್, ಅಂದರೆ ನೂರಾರು ಕಂಪ್ಯೂಟರುಗಳಲ್ಲಿ ಹಂಚಿಟ್ಟ ಲೆಕ್ಕದ ಪುಸ್ತಕದ ಮೇಲೆ ನಡೆಯುವ ಬರಹದ ತಾಣ. ನೀವು ಬರೆಯುತ್ತೀರಿ, ಓದಿದವರು ಓಟು ಹಾಕುತ್ತಾರೆ, ಓಟು ಬಿದ್ದಷ್ಟು ತಾಣದ ನಾಣ್ಯ, ಮಾರಿದರೆ ರೂಪಾಯಿಯಾಗುವಂಥದು, ಪ್ರತಿಫಲವಾಗಿ ಬರುತ್ತದೆ; ಅದರಲ್ಲಿ ಒಂದು ಪಾಲು ಓಟು ಹಾಕಿದವರಿಗೂ ಸೇರುತ್ತದೆ. ಇದಕ್ಕೆ ಯಜಮಾನನಿಲ್ಲ, ಇಲ್ಲಿ ಬರೆದದ್ದನ್ನು ಯಾರೂ ಅಳಿಸಲಾರರು, ಎಲ್ಲವೂ ಎಲ್ಲರ ಕಣ್ಣೆದುರಿಗೇ ಎಂದು ಅಲ್ಲಿನವರು ಎದೆ ತಟ್ಟಿಕೊಳ್ಳುತ್ತಿದ್ದರು. ನಾನೂ ನಂಬಿದ್ದೆ. ನಿವೃತ್ತಿಯಾಗಿ, ಹೆಂಡತಿಯೂ ಇಲ್ಲದೆ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಬಂದು ಹೋಗುವ ಬಸ್ಸುಗಳ ತಪ್ಪು ಹುಡುಕುತ್ತ ಕೂರುತ್ತಿದ್ದವರಿಗೆ ನಾನೇ ಖಾತೆ ತೆರೆದು ಕೊಟ್ಟೆ.

ಬಸ್ ನಿಲ್ದಾಣಗಳ ಬಗ್ಗೆ ಬರೆದರು. ಮಟಕಿ ಕ್ರಾಸಿನಲ್ಲಿ ಯಾವ ಕಲ್ಲಿನ ಮೇಲೆ ಯಾರು ಕೂರುತ್ತಾರೆ, ಸಂತೆಯ ದಿನ ಯಾವ ಊರಿನವರ ಬುಟ್ಟಿಯಲ್ಲಿ ಏನಿರುತ್ತದೆ, ಬಸ್ಸು ತಪ್ಪಿದ ಹೆಂಗಸು ಯಾರಿಗೆ ಬೈಯುತ್ತಾಳೆ. ಎಷ್ಟು ಚೆನ್ನಾಗಿ ಬರೆದರೆಂದರೆ, ಮೂವತ್ತು ವರ್ಷ ಅರ್ಜಿ, ಟಿಪ್ಪಣಿ ಬರೆದ ನನಗೆ ಹೊಟ್ಟೆಕಿಚ್ಚು ಬಂತು. ಕನ್ನಡದಲ್ಲಿ ಬರೆಯುವ ನಾವು ಅಲ್ಲಿ ಮೂವತ್ತೆಂಟು ಜನ ಇದ್ದೆವು, ಬೀದರದಿಂದ ಚಾಮರಾಜನಗರದ ತನಕ. ಎಲ್ಲರೂ ಅವರ ನಿಲ್ದಾಣಕ್ಕೆ ಕಾಯುವವರಾದರು.

ಓಟಿನ ಲೆಕ್ಕ ವಿವರಿಸಿದ ದಿನ ನೆನಪಿದೆ. ಚಹಾ ಅಂಗಡಿಯಲ್ಲಿ ಕುಳಿತಿದ್ದೆವು. ಯಾರು ಎಷ್ಟು ನಾಣ್ಯ ಕಟ್ಟಿಟ್ಟಿದ್ದಾರೋ ಅವರ ಓಟಿಗೆ ಅಷ್ಟು ತೂಕ ಎಂದೆ.

"ಓಟಿಗೂ ತಕ್ಕಡಿ ಹಚ್ಚ್ಯಾರೇನ್ರಿ?" ಅವರ ಕಣ್ಣು ಕೆಂಪಾಯಿತು. "ನಮ್ಮಪ್ಪ ಗೌಡ್ರ ಹಿಂದ ಪಾಳೀದಾಗ ನಿಂತು ಓಟು ಹಾಕ್ತಿದ್ದ. ಗೌಡ್ರದೂ ಒಂದೇ, ನಮ್ಮಪ್ಪಂದೂ ಒಂದೇ. ಅದೊಂದ ದಿನ ಮೀಸಿ ಮ್ಯಾಲ ಕೈ ಇಡ್ತಿದ್ದ."

"ಇಲ್ಲಿ ಹಾಂಗಿಲ್ಲಣ್ಣ. ಇನ್ನೂ ಒಂದದ. ಓಟು ಹಾಕಿದಂಗೆಲ್ಲ ನಿಮ್ಮ ಓಟಿನ ಬಲ ಇಳೀತದ. ಸುಮ್ನ ಬಿಟ್ರ ತಿರುಗಿ ತುಂಬತದ. ಒಂದೇ ದಿನ ಭಾಳ ಓಟು ಹಾಕಿದ್ರ, ಕಡೀಕಿನವ್ರಿಗಿ ಹೊಟ್ಟು ಸಿಗತದ."

"ಸೆಲಿ ಬಾವಿ ಇದ್ದಂಗ ಅನ್ರಿ. ಸೇದಿದಷ್ಟು ಇಳೀತದ, ಕಾದ್ರ ಊರತದ." ಚಹಾದ ಕಪ್ಪು ಕೆಳಗಿಟ್ಟರು. "ಆದ್ರ ಬಾವಿ ಊರಲಿ ಅಂತ ಮನ್ಯಾಗಿನವ್ರನ್ನ ನೀರಡಿಸಿ ಇಡ್ತಾರೇನ್ರಿ?"

ಅದು ಅವರ ಮೊದಲ ತಪ್ಪು. ಬಲವನ್ನು ಕೂಡಿಟ್ಟು, ದೊಡ್ಡವರ ಬರಹ ಹುಡುಕಿ, ಅವರ ಬಾಲ ಹಿಡಿದು ಓಟು ಹಾಕಿದರೆ ತನಗೂ ಪಾಲು ಹೆಚ್ಚು ಬರುತ್ತದೆ. ಎಲ್ಲರೂ ಮಾಡುವುದು ಅದನ್ನೇ. ಇವರು ಉಳಿದ ಮೂವತ್ತೇಳು ಜನರ ಹೆಸರನ್ನು ಹಳೆಯ ನೋಟುಪುಸ್ತಕದಲ್ಲಿ ಬರೆದುಕೊಂಡು, ದಿನಾ ಎಲ್ಲರಿಗೂ ಹಾಕಿದರು. ಬಲ ತಳ ಕಂಡಿತು. ಬೈದೆ. "ಹನಿ ಹನಿ ಕೂಡಿದ್ರ ಹಳ್ಳ ಕ್ಲಾರ್ಕ ಸಾಹೇಬ್ರ. ನಮ್ಮ ಓಟು ಹಗುರ ಇದ್ರೇನಾತು, ಮೂವತ್ತೆಂಟು ಹಗುರ ಕೂಡಿದ್ರ ಒಂದು ಭಾರ ಆಗತದಿಲ್ಲ?" ಅಂದರು. ಆಗಿನ ನಿಯಮದಲ್ಲಿ ಆ ಮಾತು ಸುಳ್ಳಲ್ಲ. ಹಗುರ ಓಟುಗಳು ಕೂಡಿದಷ್ಟು ಪ್ರತಿಫಲ ಸರಿಯಾಗಿ ಬರುತ್ತಿತ್ತು.

ಎರಡನೆಯ ತಪ್ಪು ಒಂದು ಮಾತಿನದು. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಮಾಡುತ್ತಾರೆ. ಸೀರೆ, ಟವೆಲು, ಟೊಪ್ಪಿಗೆ, ಕೈಲಾದದ್ದು. ಮೈಕಿನಲ್ಲಿ ಹೆಸರು ಕೂಗಿ ಕೊಡುತ್ತಾರೆ. ಇಂದು ನೀವು ನಮ್ಮ ಮನೆಗೆ ಆಯೇರಿ ತಂದರೆ ನಾಳೆ ನಿಮ್ಮ ಮನೆಯ ಮದುವೆಗೆ ನಾವು ತರಬೇಕು. ತರದವನನ್ನು ಯಾರೂ ಜೈಲಿಗೆ ಹಾಕುವುದಿಲ್ಲ, ಮನುಷ್ಯನೆಂದು ಎಣಿಸುವುದಿಲ್ಲ ಅಷ್ಟೆ. ಹಾಗೆಂದು ಅದು ವ್ಯಾಪಾರವಲ್ಲ. ಬಂದ ಸೀರೆಯ ಬೆಲೆ ಕೇಳಿದವಳನ್ನು ಮುದುಕಿಯರು ಉಗಿಯುತ್ತಾರೆ. ತನ್ನ ಬರಹಕ್ಕೆ ಯಾರಾದರೂ ಓಟು ಹಾಕಿದರೆ ಇವರು ಅದನ್ನು ಆಯೇರಿ ಎಂದೇ ತಿಳಿದರು. ಅವರ ಬರಹ ಹುಡುಕಿಕೊಂಡು ಹೋಗಿ, ಓದಿ, ಓಟು ಹಾಕಿ, ಕೆಳಗೆ ತಪ್ಪದೆ ಒಂದು ಸಾಲು ಬರೆಯುತ್ತಿದ್ದರು: "ನಿಮ್ಮ ಆಯೇರಿ ಮುಟ್ಟಿತು. ನಮ್ಮದೂ ಮುಟ್ಟಿಸಿಕೊಳ್ಳಿ." ಓದದೆ ಎಂದೂ ಓಟು ಹಾಕಲಿಲ್ಲ. ಎಲ್ಲಿ ಇಷ್ಟವಾಯಿತು, ಎಲ್ಲಿ ಬೇಸರವಾಯಿತು ಎಂಬುದನ್ನೂ ಬರೆಯುತ್ತಿದ್ದರು. ನನ್ನ ಒಂದು ಲೇಖನದ ಕೆಳಗೆ, "ಆಯೇರಿ ಅಂತ ಓಟು ಹಾಕೀನಿ. ಬರದದ್ದು ಸಪ್ಪಗದ" ಎಂದು ಎಲ್ಲರೆದುರು ಬರೆದಿದ್ದರು.

ಆಮೇಲೆ ನಿಯಮ ಬದಲಾಯಿತು. ಯಜಮಾನನಿಲ್ಲದ ತಾಣದಲ್ಲಿ ನಿಯಮ ಬದಲಾಯಿಸಿದವರು ಯಾರು ಎಂದು ಕೇಳಬೇಡಿ. ಹೆಚ್ಚು ನಾಣ್ಯ ಕಟ್ಟಿಟ್ಟವರು. ಓಟು ಹಾಕಿದವನ ಪಾಲು ಕಾಲು ಭಾಗದಿಂದ ಅರ್ಧಕ್ಕೆ ಏರಿತು. ಹಗುರ ಓಟುಗಳಷ್ಟೇ ಬಿದ್ದ ಬರಹಕ್ಕೆ ಪ್ರತಿಫಲ ಕುಸಿಯಿತು, ಭಾರದ ಓಟು ಬಿದ್ದದ್ದಕ್ಕೆ ಉಬ್ಬಿತು. ಹನಿಗಳು ಕೂಡಿದರೂ ಹಳ್ಳವಾಗದಂತೆ ಲೆಕ್ಕವನ್ನೇ ತಿರುಚಿದರು. ಇನ್ನೊಂದು ಮಾಡಿದರು. ಬರಹದ ಪ್ರತಿಫಲ ಕಡಿಮೆ ಮಾಡುವ ಕೆಳಓಟು ಎಂಬುದು ಮೊದಲಿನಿಂದಲೂ ಇತ್ತು. ಅದನ್ನು ಹಾಕಿದರೆ ತನ್ನ ಬಲವೇ ಇಳಿಯುತ್ತದೆಂದು ಯಾರೂ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಈಗ ಅದಕ್ಕೆ ಬೇರೆಯೇ ಬಲವನ್ನು ಪುಕ್ಕಟೆ ಕೊಟ್ಟರು. ಪುಕ್ಕಟೆ ಸಿಕ್ಕ ಕಲ್ಲನ್ನು ಯಾರು ಬಿಡುತ್ತಾರೆ?

ನನ್ನ ಓಟೂ ಹಗುರದ್ದೇ. ಹೊಸ ನಿಯಮದಲ್ಲಿ ಅದಕ್ಕೆ ಏನೂ ಹುಟ್ಟುತ್ತಿರಲಿಲ್ಲ. ಆದರೆ ನನ್ನ ಬಲವನ್ನು ದೊಡ್ಡ ಖಾತೆಯೊಂದಕ್ಕೆ ಬಾಡಿಗೆ ಕೊಡಬಹುದಿತ್ತು; ಅವರು ನಮ್ಮಂಥವರ ಬಲವನ್ನೆಲ್ಲ ಗುಡ್ಡೆ ಹಾಕಿ ಓಟು ಹಾಕುತ್ತಾರೆ, ನಮಗೆ ದಿನದ ಬಾಡಿಗೆ ಕಳಿಸುತ್ತಾರೆ, ಬೇಡವೆಂದ ದಿನ ನಮ್ಮ ಬಲ ನಮಗೇ ವಾಪಸ್. ಕೊಟ್ಟೆ. ಬರುತ್ತಿದ್ದದ್ದು ದಿನಕ್ಕೊಂದು ಕಪ್ ಚಹಾಕ್ಕೆ ಸಾಲುವಷ್ಟು. ಅಣ್ಣನಿಗೆ ಹೇಳಲಿಲ್ಲ. ಹೇಳುವಂಥ ದೊಡ್ಡ ವಿಷಯವೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆ ದೊಡ್ಡ ಖಾತೆಯವನು ತಾಣದ ಕಾವಲುಗಾರನೆಂದು ತನ್ನನ್ನು ಕರೆದುಕೊಂಡಿದ್ದ. ಯಾವ ದೇಶದವನೋ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನ ತಾನು ತಿಂದ ಊಟದ ಫೋಟೋ ಹಾಕಿ, ಅದಕ್ಕೆ ತನ್ನ ಓಟನ್ನು ತಾನೇ ಹಾಕಿಕೊಳ್ಳುವ ಮನುಷ್ಯ. ಅಂಥವನು ಕಳ್ಳರನ್ನು ಹುಡುಕಲು ಹೊರಟ. ಬೇಲಿಯೇ ಹೊಲ ಮೇಯುವುದನ್ನು ಕೇಳಿದ್ದೆ. ಮೇಯ್ದ ಬೇಲಿ ದಾರಿಹೋಕರ ಮೇಲೆ ದೂರು ಕೊಟ್ಟದ್ದನ್ನು ಅಲ್ಲೇ ಕಂಡೆ. ಅವನ ಕಣ್ಣಿಗೆ ನಮ್ಮ ಕಂಡಕ್ಟರ್ ಬಿದ್ದರು. ದಿನಾ ಅವೇ ಮೂವತ್ತೇಳು ಹೆಸರು, ಕೆಳಗೆ ಅದೇ ಒಂದು ಸಾಲು. ಆ ಸಾಲನ್ನು ಯಂತ್ರಕ್ಕೆ ಹಾಕಿ ತನ್ನ ಭಾಷೆಗೆ ತಿರುಗಿಸಿಕೊಂಡ. ಯಂತ್ರಕ್ಕೇನು ಗೊತ್ತು ಆಯೇರಿ? "ನಿಮ್ಮ ಪಾವತಿ ಬಂದಿದೆ, ನಮ್ಮ ಪಾವತಿ ಪಡೆದುಕೊಳ್ಳಿ" ಎಂಬ ಅರ್ಥ ಕೊಟ್ಟಿತು. ಅಷ್ಟು ಸಾಕಾಯಿತು. ಓಟಿನ ವ್ಯಾಪಾರ, ಪ್ರತಿಫಲದ ಕಳ್ಳತನ ಎಂದು ಸಾಕ್ಷಿ ಸಮೇತ ಪ್ರಕಟಿಸಿ, ಅವರ ಒಂದೊಂದು ಬರಹದ ಮೇಲೂ ಗುಡ್ಡೆ ಹಾಕಿದ್ದ ಬಲವನ್ನೆಲ್ಲ ಹಾಕಿ ಕೆಳಓಟು ಒತ್ತಿದ. ಪ್ರತಿಫಲ ಸೊನ್ನೆಯಾಯಿತು. ಹೆಸರಿನ ಪಕ್ಕದ ಮರ್ಯಾದೆಯ ಅಂಕಿ ಸೊನ್ನೆಗಿಂತ ಕೆಳಗಿಳಿಯಿತು. ಬರಹಗಳು ಬೂದು ಬಣ್ಣಕ್ಕೆ ತಿರುಗಿ, ಮೇಲೆ ಒಂದು ಸೂಚನೆ ಕುಳಿತಿತು: ಸಮುದಾಯದ ತೀರ್ಮಾನದಂತೆ ಇದನ್ನು ಮರೆಮಾಡಲಾಗಿದೆ. ಯಾವ ಸಮುದಾಯ? ಒಬ್ಬ ಮನುಷ್ಯ, ಅವನ ಕೈಯಲ್ಲಿ ನಮ್ಮೆಲ್ಲರ ಬಾಡಿಗೆ ಬಲ.

ಮರುದಿನ ಬೆಳಿಗ್ಗೆಯೇ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

"ಕಳ್ಳ ಅಂತ ಬರದಾರ್ರಿ."

"ಒಳಗ ಬರ್ರಿ ಅಣ್ಣ."

"ದುಡ್ಡು ಬಂತು, ಹೋತು, ಹಾಳಾಗಿ ಹೋಗ್ಲಿ. ಕಳ್ಳ ಅಂತ ಬರದಾರ. ಮೂವತ್ತು ವರ್ಷ ತನಿಖಿಯವ್ರು ಬರೀಲಿಲ್ಲ, ಇವ್ನ್ಯಾವನ್ರಿ? ನನ್ನ ಮುಖ ನೋಡ್ಯಾನೇನು, ನನ್ನ ಬಸ್ಸು ಹತ್ತ್ಯಾನೇನು? ನೀವು ಇಂಗ್ಲಿಷ್ ಬಲ್ಲವ್ರು. ಆಯೇರಿ ಅಂದ್ರ ಏನಂತ ಅವನಿಗಿ ಬರೀರಿ. ಅಷ್ಟ ಮಾಡ್ರಿ ನನಗ."

ಬರೆಯುತ್ತೇನೆ ಎಂದೆ. ಬರೆಯಲು ಕುಳಿತೆ ಕೂಡ. ಅವನ ಖಾತೆ ತೆರೆದು ನೋಡಿದಾಗ, ಯಾರ‍್ಯಾರ ಬಲ ಅವನಲ್ಲಿದೆ ಎಂಬ ಯಾದಿಯಲ್ಲಿ ನನ್ನ ಹೆಸರು ಕಂಡಿತು. ಅಣ್ಣನ ಮೇಲೆ ಬಿದ್ದ ಪ್ರತಿ ಏಟಿನಲ್ಲೂ ನನ್ನದೊಂದು ಚೂರು ಇತ್ತು. ಎದ್ದು ಹೋಗಿ ನೀರು ಕುಡಿದು ಬಂದೆ. ಆಮೇಲೆ ಯೋಚನೆ ಬೇರೆ ಕಡೆ ಹೋಯಿತು. ಬರೆದರೆ ಅವನು ನನ್ನ ಮೇಲೂ ತಿರುಗಿ ಬೀಳುತ್ತಾನೆ, ನನ್ನ ಹೆಸರೂ ಬೂದಾಗುತ್ತದೆ, ನಾಲ್ಕು ದಿನ ಬಿಟ್ಟರೆ ಎಲ್ಲ ತಣ್ಣಗಾಗುತ್ತದೆ. ಬರೆಯಲಿಲ್ಲ. ಉಳಿದ ಮೂವತ್ತಾರು ಜನರೂ ಬರೆಯಲಿಲ್ಲ. ದಿನಾ ಅವರ ಆಯೇರಿ ತಿಂದವರು ಒಬ್ಬರೂ ಬಾಯಿ ಬಿಡಲಿಲ್ಲ. ಅವರ ಬರಹಕ್ಕೆ ಓಟು ಹಾಕುವುದನ್ನೂ ನಿಲ್ಲಿಸಿದೆವು. ಹೇಡಿಗಳು. ಬೇರೆ ಪದ ಹುಡುಕುವುದಿಲ್ಲ.

ಅವರು ತಾವೇ ಬರೆದರು. ಆಯೇರಿ ಎಂದರೇನು ಎಂದು ಕನ್ನಡದಲ್ಲಿ, ಒಂದು ಮದುವೆಯನ್ನೇ ಕಣ್ಣಿಗೆ ಕಟ್ಟುವಂತೆ ಬರೆದು ಹಾಕಿದರು. ಅವರು ಬರೆದುದರಲ್ಲೆಲ್ಲ ಅದೇ ಶ್ರೇಷ್ಠವಾದದ್ದು. ಹಾಕಿದ ಸ್ವಲ್ಪ ಹೊತ್ತಿಗೇ ಅದೂ ಬೂದಾಯಿತು. ಅಳಿಸಲಾಗದ ತಾಣವಲ್ಲವೇ, ಬರಹ ಅಲ್ಲೇ ಇದೆ, ಕಳ್ಳ ಎಂಬ ಪದವೂ ಅದರ ಪಕ್ಕದಲ್ಲೇ ಇದೆ.

ಅದಾದ ಮೇಲೆ ಅವರು ಮತ್ತೆ ಬರೆಯಲಿಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಗೆ ಬರುತ್ತಿದ್ದರು, ಆದರೆ ಬಸ್ಸಿನವರ ತಪ್ಪು ಹುಡುಕುತ್ತಿರಲಿಲ್ಲ. ನಾನು ಸಿಕ್ಕರೆ, "ಬರದ್ರೇನ್ರಿ?" ಎಂದು ಕೇಳುತ್ತಿದ್ದರು. ಬರೆಯುತ್ತಿದ್ದೇನೆ, ಭಾಷೆ ಸರಿ ಮಾಡುತ್ತಿದ್ದೇನೆ ಎನ್ನುತ್ತಿದ್ದೆ. ಎರಡು ವರ್ಷ ಹಾಗೇ ಅಂದೆ. ಕೊನೆಕೊನೆಗೆ ಕೇಳುವುದನ್ನು ಬಿಟ್ಟರು. ಎದೆನೋವೆಂದು ದವಾಖಾನೆಗೆ ಕರೆದೊಯ್ದವರು ಹೆಣವಾಗಿ ತಂದರು.

ಅವರ ಮಗಳು ಜೇವರ್ಗಿಯಲ್ಲಿ ನರ್ಸು. ಹೋದ ಭಾನುವಾರ ಫೋನು ಮಾಡಿ ಕರೆದಳು. ಅಪ್ಪನ ಬರಹಗಳನ್ನೆಲ್ಲ ಒಂದು ಪುಸ್ತಕ ಮಾಡಿಸುತ್ತಾಳಂತೆ. ಹೋದೆ. ಚಾಪೆಯ ಮೇಲೆ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದಳು. ಪ್ರತಿಯೊಂದನ್ನೂ ಫೋನಿನಿಂದ ನೋಡಿ ನೋಡಿ ಕೈಯಲ್ಲಿ ಬರೆದು ತೆಗೆದಿದ್ದಾಳೆ.

"ಮುನ್ನುಡಿ ನೀವು ಬರೀರಿ ಕಾಕಾ. ಆಯೇರಿ ಅಂದ್ರ ಏನಂತ ಬರೀರಿ ಅಂತ ಅಪ್ಪ ನಿಮಗ ಕೇಳಿದ್ರಂತಲ್ಲ. ಈಗರ ಬರೀರಿ."

ಅವಳ ಎದುರು ಸುಳ್ಳು ಹೇಳಲಿಲ್ಲ. "ನಂಗ ಬರಿಯೋ ಯೋಗ್ಯತಿ ಇಲ್ಲ ಯವ್ವಾ. ನಿಮ್ಮಪ್ಪಗ ಹೊಡದ ಓಟಿನ್ಯಾಗ ನನ್ನ ಬಲಾನೂ ಇತ್ತು. ಬಾಡಿಗಿ ಕೊಟ್ಟಿದ್ದೆ."

ಅವಳು ಹಾಳೆ ಜೋಡಿಸುತ್ತಲೇ ಹೇಳಿದಳು: "ಗೊತ್ತದ ಕಾಕಾ. ಅಪ್ಪಗೂ ಗೊತ್ತಿತ್ತು. ಎಲ್ಲಾ ಕಾಣ್ತದಲ್ಲ ಅದ್ರಾಗ. ನನ್ನ ಕೈಲೇ ತೆಗಿಸಿ ನೋಡಿದ್ರು."

"ನಂಗ ಒಂದ ಮಾತೂ ಅನ್ನಲಿಲ್ಲಲ್ಲವ್ವ ಅವ್ರು."

"ನಂಗ ಅಂದಿದ್ರು. ಕ್ಲಾರ್ಕ ಸಾಹೇಬ್ರಿಗಿ ಇದು ಗೊತ್ತಾಗಿಲ್ಲ, ಗೊತ್ತಾದ ದಿನ ವಾಪಸ್ ತಗೋತಾರ, ಅವ್ರು ಅಂಥವ್ರಲ್ಲ ಅಂದಿದ್ರು. ದಿನಾ ಮುಂಜಾನೆ ಫೋನ್ ತೆಗೆದು ನೋಡ್ತಿದ್ರು ಕಾಕಾ, ಅವನ ಯಾದ್ಯಾಗಿಂದ ನಿಮ್ಮ ಹೆಸರು ಹೋಗ್ಯದೇನಂತ."

ನನ್ನ ಹೆಸರು ಹೋಗಿರಲಿಲ್ಲ. ಅವರು ಸತ್ತ ದಿನವೂ ಅಲ್ಲೇ ಇತ್ತು. ಅವಳ ಎದುರು ಕುಳಿತಿದ್ದ ಆ ಹೊತ್ತಿಗೂ ಅಲ್ಲೇ ಇತ್ತು, ಅಂದಿನ ಬಾಡಿಗೆಯೂ ಬಂದಿತ್ತು.